‘ತೋಟ ಇರೋರಿಗೆ ಮಾತ್ರ’ ಅನ್ನೋ ಚುರುಕು ನಾಯಿ: ಮನೆಗೆ ತರೋ ಮುಂಚೆ ಈ ಲೆಕ್ಕ ಹಾಕಿ



ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಇಂಥ ಪೋಸ್ಟ್ ನೀವೂ ನೋಡಿರ್ತೀರಿ. ನಾಲಿಗೆ ಚಾಚಿಕೊಂಡು ನಿಂತಿರೋ ಒಂದು ನಾಯಿಯ ಫೋಟೋ. ಕೆಳಗೆ ಒಂದೆರಡು ಸಾಲು: ‘ವಯಸ್ಸು ಒಂದೂವರೆ ವರ್ಷ. ಅಪಾರ್ಟ್‌ಮೆಂಟಲ್ಲಿ ಸಾಕೋಕಾಗದೆ ಬಿಟ್ಟು ಹೋಗಿದ್ದಾರೆ. ತುಂಬಾ ಚುರುಕು. ತೋಟ ಇರೋರಿಗೆ ಮಾತ್ರ ಕೊಡ್ತೀವಿ.’

ನಮಗೆ ತೋಟ ಇದೆ. ಕಾವಲಿಗೆ ನಾಯಿನೂ ಬೇಕು. ಮೋಟರ್ ಕೇಬಲ್ ಕಳ್ಳರು, ಕಾಯಿ ಕಳ್ಳರು, ಕೋತಿ, ಹಂದಿ ಎಲ್ಲದರ ಕಾಟ ಇದ್ದೇ ಇದೆ. ಪಾಪ ಅಂತಲೂ ಅನ್ಸತ್ತೆ. ‘ನಾನು ಕರ್ಕೊಂಡು ಬರ್ತೀನಿ’ ಅಂತ ರಿಪ್ಲೈ ಮಾಡೋಕೆ ಅರ್ಧ ನಿಮಿಷ ಸಾಕು. ಆದ್ರೆ ಆ ನಾಯಿ ಇನ್ನು ಹತ್ತು ಹನ್ನೆರಡು ವರ್ಷ ನಿಮ್ಮ ಮನೇಲಿರತ್ತೆ. ಇವತ್ತು ನಿಮಗೆ ಇಪ್ಪತ್ತೈದು ವರ್ಷ ಅಂದ್ರೆ, ಅದು ಮುದಿಯಾಗೋ ಹೊತ್ತಿಗೆ ನಿಮಗೆ ಮದುವೆಯಾಗಿ ಮಕ್ಕಳು ಶಾಲೆಗೆ ಹೋಗ್ತಿರ್ತಾರೆ. ಒಂದು ತೆಂಗಿನ ಸಸಿ ನೆಟ್ಟಷ್ಟೇ ದೂರದ ನಿರ್ಧಾರ ಇದು. ಹಾಗಾಗಿ ಈ ವಾರ ಬೆಳೆ ಬಿಟ್ಟು ಇದರ ಬಗ್ಗೆ ಬರೀತಿದ್ದೀನಿ.

ಎಕರೆ ನಾಯಿಯನ್ನು ಓಡಿಸಲ್ಲ

‘ತೋಟ ಇದ್ರೆ ನಾಯಿ ತಾನಾಗೇ ಓಡಾಡ್ಕೊಂಡು ಸುಸ್ತಾಗತ್ತೆ’ ಅನ್ನೋದು ಪೇಟೆಯವರ ನಂಬಿಕೆ. ನಾವೂ ಅದನ್ನೇ ನಂಬಿಬಿಟ್ಟಿದ್ದೀವಿ. ನಿಜ ಏನಂದ್ರೆ, ಚುರುಕು ನಾಯಿಗೆ ಬೇಕಾಗಿರೋದು ಜಾಗಕ್ಕಿಂತ ಹೆಚ್ಚಾಗಿ ಜೊತೆಗೊಬ್ಬ ಮನುಷ್ಯ ಮತ್ತು ಒಂದು ಕೆಲಸ. ಹತ್ತು ಎಕರೆಯಲ್ಲಿ ಒಂಟಿಯಾಗಿ ಬಿಟ್ಟರೆ ಅದು ತನಗೆ ತಾನೇ ಕೆಲಸ ಹುಡುಕ್ಕೊಳ್ಳತ್ತೆ. ಆ ಕೆಲಸ ಸಾಮಾನ್ಯವಾಗಿ ಇಂಥದ್ದು: ಡ್ರಿಪ್ ಲ್ಯಾಟರಲ್ ಕಡಿಯೋದು, ಮಲ್ಚಿಂಗ್ ಶೀಟ್ ಮೇಲೆ ಓಡಿ ಹರಿಯೋದು, ಸಸಿ ಮಡಿ ಕೆರೆಯೋದು, ಪಕ್ಕದವರ ಮೇಕೆ ಅಟ್ಟಿಸಿಕೊಂಡು ಹೋಗೋದು, ರಸ್ತೆಯಲ್ಲಿ ಬೈಕಿನ ಹಿಂದೆ ಓಡೋದು.

ನಮ್ಮ ಕಡೆ ನಾನು ಕಂಡ ಎರಡು ಮನೆ ಹೇಳ್ತೀನಿ. ಒಂದು ಮನೆಗೆ ಹನ್ನೆರಡು ಎಕರೆ ತೆಂಗು, ಅಡಿಕೆ. ಹುಡುಗ ಬೆಂಗಳೂರಿಂದ ಒಂದು ಶೆಫರ್ಡ್ ಕ್ರಾಸ್ ತಂದ. ಮೊದಲ ವಾರ ರೀಲ್ಸ್ ಎಲ್ಲ ಆಯ್ತು. ಆಮೇಲೆ ಅಡಿಕೆ ಕೊಯ್ಲು ಶುರುವಾಯ್ತು, ನಾಯಿಗೆ ಚೈನ್ ಬಿತ್ತು. ಇಡೀ ದಿನ ಕಟ್ಟಿ ಹಾಕಿ ರಾತ್ರಿ ಬಿಡೋದು. ಎರಡು ತಿಂಗಳಲ್ಲಿ ಅದು ಯಾರೇ ಹತ್ತಿರ ಹೋದ್ರೂ ಹಲ್ಲು ತೋರಿಸೋ ಹಾಗಾಯ್ತು. ಕೊನೆಗೆ ಕಳೆ ತೆಗೆಯೋಕೆ ಬರ್ತಿದ್ದ ಹೆಂಗಸಿನ ಕೈಗೆ ಬಾಯಿ ಹಾಕಿತು. ಆಕೆ ಇಂಜೆಕ್ಷನ್‌ಗೆ ಅಂತ ಐದು ಸಲ ಆಸ್ಪತ್ರೆಗೆ ಓಡಾಡಬೇಕಾಯ್ತು, ಅಷ್ಟು ದಿನದ ಕೂಲಿನೂ ಹೋಯ್ತು. ನಾಯಿ ವಾಪಸ್ ಶೆಲ್ಟರ್ ಸೇರಿತು. ಕಚ್ಚಿದ ನಾಯಿ ಅನ್ನೋ ಹೆಸರು ಬಂದ ಮೇಲೆ ಅದನ್ನು ಇನ್ನೊಬ್ಬರು ತಗೊಳ್ಳೋದು ಕಷ್ಟ.

ಇನ್ನೊಂದು ಮನೆಗೆ ಇರೋದು ಒಂದೂವರೆ ಎಕರೆ. ಆದ್ರೆ ಅಲ್ಲಿ ತಾತ ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ನಡ್ಕೊಂಡು ಹೋಗ್ತಾರೆ, ಸಂಜೆ ಮತ್ತೆ ಹೋಗ್ತಾರೆ. ನಾಯಿ ಎರಡೂ ಹೊತ್ತು ಜೊತೇಲಿ. ಮಧ್ಯಾಹ್ನ ದನ ಮೇಯಿಸುವಾಗಲೂ ಜೊತೇಲಿ. ಅದೂ ಶೆಲ್ಟರಿಂದ ಬಂದ, ಒಂದು ನಿಮಿಷ ಸುಮ್ಮನಿರದ ನಾಯಿನೇ. ಈಗ ಮೂರು ವರ್ಷದಿಂದ ಆ ಮನೇಲೇ ಇದೆ.

ಇದರಲ್ಲೇ ಪಾಠ ಇದೆ. ಕೇಳ್ಕೋಬೇಕಾದ ಪ್ರಶ್ನೆ ‘ನಮ್ಮ ತೋಟ ಎಷ್ಟು ದೊಡ್ಡದು’ ಅಂತಲ್ಲ, ‘ನಮ್ಮ ಮನೇಲಿ ಯಾರ ದಿನಚರಿ ಒಳಗೆ ಈ ನಾಯಿ ಕೂರತ್ತೆ’ ಅಂತ.

ಎಲ್ಲಾ ಚುರುಕೂ ಒಂದೇ ಅಲ್ಲ

ಶೆಲ್ಟರಿನವರು ‘ಚುರುಕು’ ಅಂದಾಗ ಅದು ಯಾವ ಬಗೆಯ ಚುರುಕು ಅಂತ ತಿಳ್ಕೊಳ್ಳಿ. ಪ್ರತಿ ತಳಿಯನ್ನೂ ಒಂದು ಕೆಲಸಕ್ಕೆ ಅಂತ ಬೆಳೆಸಿರ್ತಾರೆ. ಕ್ರಾಸ್ ಆದ್ರೂ ಆ ಗುಣ ಎಲ್ಲೋ ಉಳಿದಿರತ್ತೆ.

ಮುಧೋಳ ಮತ್ತು ಅದರ ಕ್ರಾಸ್: ಇವು ಕಣ್ಣಿಂದ ಬೇಟೆ ಹಿಡಿಯೋ ಓಟದ ನಾಯಿಗಳು. ಬಾಗಲಕೋಟೆ ಜಿಲ್ಲೆಯ ಮುಧೋಳದಿಂದ ಬಂದ ನಮ್ಮದೇ ತಳಿ. ತಿಮ್ಮಾಪುರದಲ್ಲಿ ಇದಕ್ಕೆ ಅಂತಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇದೆ. 2005ರಲ್ಲಿ ಅಂಚೆ ಇಲಾಖೆ ಇದರ ಸ್ಟಾಂಪ್ ಕೂಡ ತಂದಿತ್ತು. ನಮ್ಮ ಬಿಸಿಲಿಗೆ ಹೊಂದಿಕೊಳ್ಳತ್ತೆ, ಮನೆಯೊಳಗೆ ಶಾಂತವಾಗೇ ಇರತ್ತೆ. ಆದ್ರೆ ಮೊಲ, ನವಿಲು, ಕೋಳಿ ಏನಾದ್ರೂ ಓಡಿದ್ದು ಕಂಡ್ರೆ ನೀವು ಕರೆದಿದ್ದು ಅದರ ಕಿವಿಗೆ ಬೀಳಲ್ಲ. ನಾಟಿ ಕೋಳಿ ಸಾಕಿರೋರು ಹತ್ತು ಸಲ ಯೋಚಿಸಿ. ನವಿಲು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಸಂರಕ್ಷಿತ ಪಕ್ಷಿ ಅನ್ನೋದೂ ನೆನಪಿರಲಿ.

ಲ್ಯಾಬ್ರಡಾರ್: ಜನ ಅಂದ್ರೆ ಪ್ರಾಣ. ಕಾವಲಿಗೆ ಅಂತ ನಂಬ್ಕೋಬೇಡಿ, ಕಳ್ಳನಿಗೂ ಬಾಲ ಆಡಿಸಬಹುದು. ಕಂಡಿದ್ದೆಲ್ಲ ಬಾಯಿಗೆ ಹಾಕತ್ತೆ, ತೋಟದಲ್ಲಿ ಅದೇ ದೊಡ್ಡ ಅಪಾಯ.

ಜರ್ಮನ್ ಶೆಫರ್ಡ್, ಬೆಲ್ಜಿಯನ್ ಮ್ಯಾಲಿನಾಯ್ಸ್: ಪೊಲೀಸ್, ಸೈನ್ಯದಲ್ಲಿ ಕೆಲಸ ಮಾಡೋ ತಳಿಗಳು. ಬುದ್ಧಿ ಜಾಸ್ತಿ, ಹಾಗಾಗಿ ಬೇಜಾರೂ ಜಾಸ್ತಿ. ದಿನಾ ತರಬೇತಿ ಕೊಡೋ ತಾಳ್ಮೆ ಇದ್ದವರಿಗೆ ಮಾತ್ರ. ಮೊದಲ ಸಲ ನಾಯಿ ಸಾಕೋರಿಗೆ ಮ್ಯಾಲಿನಾಯ್ಸ್ ಬೇಡವೇ ಬೇಡ.

ಹಸ್ಕಿ: ಮಂಚು ಪ್ರದೇಶದಲ್ಲಿ ಗಾಡಿ ಎಳೆಯೋ ನಾಯಿ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಬೇಸಿಗೆಯಲ್ಲಿ ಇದನ್ನು ತೋಟದಲ್ಲಿ ಬಿಡೋದು ಹಿಂಸೆ.

ನಾಟಿ ನಾಯಿ: ಶೆಲ್ಟರುಗಳಲ್ಲಿ ಹೆಚ್ಚು ಇರೋದು ಇವೇ, ತೋಟದ ಮನೆಗೆ ಹೆಚ್ಚಾಗಿ ಹೊಂದೋದೂ ಇವೇ. ಬಿಸಿಲು, ಮಳೆ ತಡೀತವೆ, ಗಡಿ ಕಾಯ್ತವೆ. ಒಂದೂವರೆ ಎರಡು ವರ್ಷ ದಾಟಿದ ಮೇಲೆ ಎಷ್ಟೋ ನಾಯಿಗಳ ಚುರುಕು ತಾನಾಗೇ ಹದಕ್ಕೆ ಬರತ್ತೆ.

ನಾಯಿ ಇಲ್ಲದೆ ಒಂದು ವಾರ ಅಭ್ಯಾಸ ಮಾಡಿ

ಹೊಸ ಬೆಳೆ ಹಾಕೋ ಮುಂಚೆ ಒಂದು ಗುಂಟೆಯಲ್ಲಿ ಹಾಕಿ ನೋಡ್ತೀವಲ್ಲ, ಹಾಗೇ ಇದು.

ಚುರುಕು ನಾಯಿಗೆ ದಿನಕ್ಕೆ ಕಮ್ಮಿ ಅಂದ್ರೂ ಒಂದರಿಂದ ಎರಡು ಗಂಟೆ ನಿಮ್ಮ ಜೊತೆಯ ಓಡಾಟ ಬೇಕು. ಬೆಳಿಗ್ಗೆ ಬಿಸಿಲೇರೋ ಮುಂಚೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ, ಮಧ್ಯೆ ಹತ್ತು ನಿಮಿಷ ‘ಕೂತ್ಕೋ’, ‘ಬಾ’, ‘ಬಿಡು’ ಅಂತ ಹೇಳಿಕೊಡೋದು. ಈಗ ಒಂದು ವಾರ, ನಾಯಿ ಇಲ್ಲದೇನೇ, ಆ ಹೊತ್ತಿಗೆ ಎದ್ದು ಕೈಯಲ್ಲೊಂದು ಹಗ್ಗ ಹಿಡ್ಕೊಂಡು ಬದುವಿನ ಸುತ್ತ ನಡೀರಿ. ಹಿಂದಿನ ರಾತ್ರಿ ಪಾಳಿಯ ಕರೆಂಟಿಗೆ ಎದ್ದು ನೀರು ಕಟ್ಟಿದ್ದರೂ ಹೋಗಬೇಕು. ಮಾರ್ಕೆಟ್ಟಿಗೆ ಟೊಮೆಟೊ ಲೋಡ್ ಮಾಡೋ ದಿನವೂ ಹೋಗಬೇಕು. ಊರಲ್ಲಿ ಜಾತ್ರೆ ಇದ್ದರೂ ಅಷ್ಟೇ.

ಏಳು ದಿನದಲ್ಲಿ ಎಷ್ಟು ದಿನ ಆಯ್ತು ಅಂತ ಮೊಬೈಲಲ್ಲಿ ಬರೆದಿಡಿ. ಆರೇಳು ದಿನ ಆದ್ರೆ ಮುಂದುವರೀರಿ. ನಾಲ್ಕೇ ದಿನ ಆದ್ರೆ, ಉಳಿದ ದಿನ ಇನ್ಯಾರು ಮಾಡ್ತಾರೆ ಅಂತ ಮನೇಲಿ ಕೂತು ಮಾತಾಡಿ. ಎರಡೇ ದಿನ ಆಗಿದ್ರೆ ಉತ್ತರ ಸಿಕ್ಕಿತು.

ಅಮ್ಮನನ್ನ ಕೇಳಿದ್ರಾ?

ನಾಯಿ ತರೋದು ಮಗ, ಸಾಕೋದು ಅಮ್ಮ. ಎಷ್ಟೋ ಮನೆಯ ಕಥೆ ಇದೇ. ಅದಕ್ಕೆ ಅನ್ನ ಬೇಯಿಸೋದು, ತಟ್ಟೆ ತೊಳೆಯೋದು, ಅಂಗಳದ ಗಲೀಜು ತೆಗೆಯೋದು ಯಾರು ಅಂತ ಮೊದಲೇ ಮಾತಾಗಬೇಕು. ‘ಹೂಂ, ತಂದ್ರೆ ತಾ’ ಅಂದ್ರೆ ಅದನ್ನ ಒಪ್ಪಿಗೆ ಅಂತ ತಗೋಬೇಡಿ. ನಾಯಿ ಒಳಗೆ ಬರಬಹುದಾ, ಜಗಲಿವರೆಗೆ ಮಾತ್ರಾನಾ, ಮನೇಲಿ ಮೊಟ್ಟೆ ಬೇಯಿಸಬಹುದಾ ಅನ್ನೋದನ್ನೂ ಮುಂಚೆನೇ ತೀರ್ಮಾನ ಮಾಡ್ಕೊಳ್ಳಿ.

ಇವರನ್ನೂ ಲೆಕ್ಕಕ್ಕೆ ತಗೊಳ್ಳಿ:

- ಐದಾರು ವರ್ಷದೊಳಗಿನ ಮಕ್ಕಳು: ಇಪ್ಪತ್ತೈದು ಕೆಜಿಯ ನಾಯಿ ಪ್ರೀತಿಯಿಂದ ಹಾರಿದ್ರೂ ಮಗು ಬೀಳತ್ತೆ. ದೊಡ್ಡವರಿಲ್ಲದೆ ಮಗು ಮತ್ತು ಹೊಸ ನಾಯಿನ ಒಟ್ಟಿಗೆ ಬಿಡಬಾರದು.
- ವಯಸ್ಸಾದವರು: ಕೋಲು ಹಿಡಿದು ನಡೆಯೋ ಅಜ್ಜಿ ಇದ್ದರೆ ಹಾರೋ ನಾಯಿಯಿಂದ ಸೊಂಟದ ಮೂಳೆ ಮುರಿಯೋ ಅಪಾಯ ಇದೆ.
- ಕೆಲಸಕ್ಕೆ ಬರೋರು: ನಾಯಿಗೆ ಹೆದರಿ ಆಳುಗಳು ಬರೋದು ನಿಲ್ಲಿಸಿದ್ರೆ ನಷ್ಟ ನಿಮಗೇ.
- ಅಕ್ಕಪಕ್ಕದವರು: ನಿಮ್ಮ ತೋಟದೊಳಗೆ ಬಂಡಿ ದಾರಿ ಇದ್ಯಾ? ಪಕ್ಕದವರು ಕುರಿ, ಕೋಳಿ ಸಾಕಿದ್ದಾರಾ? ಹಾಗಿದ್ರೆ ನಾಯಿ ತಂದ ಮೇಲಲ್ಲ, ತರೋ ಮುಂಚೆನೇ ಹೋಗಿ ಹೇಳಿ.

ನಮ್ಮ ತೋಟದಲ್ಲೇ ಇರೋ ವಿಷ

ಸಾವಯವ ತೋಟ ಅಂದ್ರೆ ನಾಯಿಗೆ ಅಪಾಯ ಇಲ್ಲ ಅಂದ್ಕೋಬೇಡಿ. ಹರಳು ಹಿಂಡಿ ನಾವೆಲ್ಲ ಬಳಸ್ತೀವಿ. ಹರಳು ಬೀಜದಲ್ಲಿರೋ ರಿಸಿನ್ ಅನ್ನೋ ವಿಷ ಹಿಂಡಿಯಲ್ಲೂ ಉಳಿದಿರಬಹುದು. ಅದಕ್ಕೆ ಮೂಳೆ ಪುಡಿ ಬೆರೆಸಿದ್ರಂತೂ ವಾಸನೆಗೆ ನಾಯಿ ನೆಲ ಕೆದಕಿ ತಿನ್ನತ್ತೆ. ವಾಂತಿ, ರಕ್ತ ಬೇಧಿ ಆಗಿ ಸಾಯಬಹುದು. ಚೀಲ ಎತ್ತರದಲ್ಲಿಡಿ, ಗಿಡಕ್ಕೆ ಹಾಕಿದ ಕೂಡಲೇ ಮಣ್ಣು ಮುಚ್ಚಿ, ಆ ದಿನಗಳಲ್ಲಿ ನಾಯಿ ಆ ಕಡೆ ಹೋಗದ ಹಾಗೆ ನೋಡ್ಕೊಳ್ಳಿ.

ಉಳಿದವು: ಇಲಿ ಪಾಷಾಣ, ಬಸವನಹುಳುವಿಗೆ ಇಡೋ ಮೆಟಾಲ್ಡಿಹೈಡ್ ಗುಳಿಗೆ, ಹಂದಿಗೆ ಅಂತ ಪಕ್ಕದ ಹೊಲದಲ್ಲಿ ಇಟ್ಟ ವಿಷ ಅಥವಾ ಉರುಳು. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಕಿಡ್ನಿ ಹಾಳು ಮಾಡ್ತವೆ, ವಿಜಯಪುರ ಕಡೆಯ ದ್ರಾಕ್ಷಿ ಬೆಳೆಗಾರರು ಗಮನಿಸಿ. ಅಡಿಕೆ ತೋಟದಲ್ಲಿ ಕೋಕೋ ಇದ್ದರೆ ಅದರ ಬೀಜವೂ ವಿಷವೇ. ಈರುಳ್ಳಿ, ಬೆಳ್ಳುಳ್ಳಿ ರಕ್ತಹೀನತೆ ತರ್ತವೆ, ಹಾಗಾಗಿ ಉಳಿದ ಸಾರು ಸುರಿಯೋ ಅಭ್ಯಾಸ ಬಿಡಿ.

ಕಟ್ಟೆ ಇಲ್ಲದ ಬಾವಿ, ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಎರಡಕ್ಕೂ ಬೇಲಿ ಇರಲಿ. ಹೊಂಡದ ಶೀಟ್ ಜಾರತ್ತೆ, ಬಿದ್ದ ನಾಯಿ ಮೇಲೆ ಹತ್ತೋಕಾಗಲ್ಲ. ಚಿರತೆ ಓಡಾಡೋ ಊರಲ್ಲಿ, ನಮ್ಮ ತುಮಕೂರು ಕಡೆ ಇದು ಮಾಮೂಲು, ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿ ಸುಲಭದ ತುತ್ತು. ಬಾಗಿಲು ಮುಚ್ಚೋ ಗೂಡು ಅಥವಾ ಕೋಣೆ ಬೇಕೇ ಬೇಕು.

ಹಸು ಇದ್ದರೆ ಇನ್ನೊಂದು ಮಾತು. ನಾಯಿಯ ಮಲ ಮೇವಿನಲ್ಲಿ ಬೀಳಬಾರದು. ಅದರ ಮೂಲಕ ಬರೋ ನಿಯೋಸ್ಪೋರಾ ಅನ್ನೋ ಪರಾವಲಂಬಿ ಜೀವಿಯಿಂದ ಹಸು ಕಂದು ಹಾಕಬಹುದು. ತರಕಾರಿಗೆ ಹಾಕೋ ಕಾಂಪೋಸ್ಟಿಗೂ ನಾಯಿಯ ಮಲ ಬೇಡ. ಬೇರೆ ಗುಂಡಿ ತೋಡಿ ಹೂತುಬಿಡಿ.

ಶೆಲ್ಟರಿಗೆ ಹೋದಾಗ ಏನು ನೋಡಬೇಕು

ಫೋಟೋ ನೋಡಿ ಒಪ್ಪಬೇಡಿ. ಕಮ್ಮಿ ಅಂದ್ರೂ ಎರಡು ಸಲ, ಬೇರೆ ಬೇರೆ ಹೊತ್ತಲ್ಲಿ ಹೋಗಿ. ಮನೆಯವರನ್ನೂ ಕರ್ಕೊಂಡು ಹೋಗಿ.

ಮೊದಲು ಕೇಳಿ: ಯಾಕೆ ಬಿಟ್ಟು ಹೋದ್ರು? ಯಾರಿಗಾದ್ರೂ ಕಚ್ಚಿದ್ಯಾ? ಮಕ್ಕಳ ಜೊತೆ, ಬೇರೆ ನಾಯಿ ಜೊತೆ ಹೇಗಿದೆ? ಒಂಟಿಯಾಗಿ ಬಿಟ್ರೆ ಏನು ಮಾಡತ್ತೆ? ಲಸಿಕೆ, ಸಂತಾನಹರಣ ಆಗಿದ್ಯಾ? ಒಳ್ಳೆ ಶೆಲ್ಟರ್ ಇದನ್ನೆಲ್ಲ ಮುಚ್ಚಿಡಲ್ಲ. ನಿಮ್ಮ ಮನೆಯ ಬಗ್ಗೆಯೂ ಅವರು ಅಷ್ಟೇ ಪ್ರಶ್ನೆ ಕೇಳ್ತಾರೆ. ಸಿಟ್ಟಾಗಬೇಡಿ, ಅದು ಒಳ್ಳೇ ಲಕ್ಷಣ.

ಆಮೇಲೆ ಎರಡು ಪರೀಕ್ಷೆ ಮಾಡಿ.

ಒಂದು: ಅವರ ಅನುಮತಿ ತಗೊಂಡು ನಾಯಿನ ಅರ್ಧ ಗಂಟೆ ನಡೆಸಿ. ಆಮೇಲೆ ಒಂದು ಕಡೆ ಸುಮ್ಮನೆ ಕೂತ್ಕೊಳ್ಳಿ. ಮಾತಾಡಿಸಬೇಡಿ, ಮುಟ್ಟಬೇಡಿ. ಹದಿನೈದು ನಿಮಿಷದೊಳಗೆ ನಾಯಿ ತಾನಾಗೇ ಮಲಗಿ ಉಸಿರು ಬಿಟ್ಟರೆ ಅದಕ್ಕೆ ಬರೀ ಓಡಾಟದ ಕೊರತೆ ಇತ್ತು ಅಂತರ್ಥ. ಅಂಥ ನಾಯಿ ಮನೆಗೆ ಹೊಂದತ್ತೆ. ಅರ್ಧ ಗಂಟೆ ನಡೆದ ಮೇಲೂ ಸುತ್ತು ಹಾಕ್ತಾ, ಕುಯ್‌ಗುಡ್ತಾ, ಹಗ್ಗ ಕಡಿಯುತ್ತಾ ಇದ್ದರೆ ಅದಕ್ಕೆ ತರಬೇತಿ ಗೊತ್ತಿರೋರು ಬೇಕು. ಶೆಲ್ಟರ್ ಗದ್ದಲದಲ್ಲಿ ಒಂದೇ ದಿನ ನೋಡಿ ತೀರ್ಮಾನ ಮಾಡೋಕಾಗಲ್ಲ, ಅದಕ್ಕೇ ಎರಡು ಸಲ ಅಂದಿದ್ದು.

ಎರಡು: ಕೋಳಿಯೋ ಮೇಕೆಯೋ ದೂರದಲ್ಲಿ ಕಾಣೋ ಕಡೆ, ಗಟ್ಟಿ ಹಗ್ಗದಲ್ಲಿ ಹಿಡಿದು ನಿಲ್ಲಿ. ಐವತ್ತು ಅಡಿ ದೂರ ಇರಲಿ. ನಾಯಿ ನೋಡೇ ನೋಡತ್ತೆ, ತಪ್ಪಲ್ಲ. ನೀವು ಕರೆದು ಒಂದು ತುಂಡು ಚಿಕನ್ ತೋರಿಸಿದಾಗ ನಿಮ್ಮ ಕಡೆ ತಿರುಗತ್ತಾ ಅನ್ನೋದು ಮುಖ್ಯ. ತಿರುಗಿದ್ರೆ ಕಲಿಸಬಹುದು. ಮೈ ಬಿಗಿ ಮಾಡಿ, ಕಣ್ಣು ಕೀಳದೆ, ಚಿಕನ್ ಕೂಡ ಮೂಸದೆ ನಿಂತರೆ ಕೋಳಿ, ಮೇಕೆ ಇರೋ ಮನೆಗೆ ಆ ನಾಯಿ ಬೇಡ.

ಖರ್ಚು, ಲಸಿಕೆ

ನಾಯಿ ಪುಕ್ಕಟೆ ಸಿಗತ್ತೆ, ಸಾಕಣೆ ಪುಕ್ಕಟೆ ಅಲ್ಲ. 20 ಕೆಜಿ ತೂಕದ ಚುರುಕು ನಾಯಿಗೆ ದಿನಕ್ಕೆ ಸುಮಾರು 1,200ರಿಂದ 1,300 ಕಿಲೋ ಕ್ಯಾಲೊರಿ ಬೇಕು. ಬರೀ ಅನ್ನ ಮಜ್ಜಿಗೆಯಿಂದ ಅದರ ಹೊಟ್ಟೆ ತುಂಬತ್ತೆ, ಮೈ ತುಂಬಲ್ಲ. ಅನ್ನ ಅಥವಾ ಮುದ್ದೆ ಜೊತೆ ಮೊಟ್ಟೆ, ಕೋಳಿ ಮಾಂಸ ಇಲ್ಲಾಂದ್ರೆ ನಾಯಿಯ ರೆಡಿ ಆಹಾರ ಬೇಕು. ಕುರಿ ಕಡಿದಾಗ ಹಸಿ ಕರುಳು, ಪಿತ್ತಕೋಶ ಹಾಕಬೇಡಿ. ಅದರಿಂದ ಬರೋ ಹುಳುವಿನ ಮೊಟ್ಟೆ ನಾಯಿಯ ಮಲದ ಮೂಲಕ ಮನುಷ್ಯರ ಹೊಟ್ಟೆ ಸೇರಿದ್ರೆ ಲಿವರ್, ಶ್ವಾಸಕೋಶದಲ್ಲಿ ಗಡ್ಡೆಗಳಾಗ್ತವೆ.

ರೇಬಿಸ್ ಲಸಿಕೆ ವರ್ಷ ವರ್ಷ ತಪ್ಪಿಸಬಾರದು. ಹಳೇ ದಾಖಲೆ ಇಲ್ಲದ ನಾಯಿಗೆ ಬಂದ ವಾರದಲ್ಲೇ ಹಾಕಿಸಿ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಶಿಬಿರ ನಡೆಯೋದುಂಟು, ಕೇಳಿ ನೋಡಿ. ಪಾರ್ವೋ, ಡಿಸ್ಟೆಂಪರ್, ಇಲಿ ಜ್ವರ ತಡೆಯೋ ಲಸಿಕೆಯೂ ಬೇಕು. ಗದ್ದೆ, ಅಡಿಕೆ ತೋಟದಲ್ಲಿ ಇಲಿ ಉಚ್ಚೆ ಬಿದ್ದ ನೀರು ಕುಡಿಯೋ ನಾಯಿಗೆ ಇಲಿ ಜ್ವರ ಬರೋ ಸಂಭವ ಹೆಚ್ಚು. ಮೂರು ತಿಂಗಳಿಗೊಮ್ಮೆ ಜಂತುಹುಳು ಮಾತ್ರೆ, ಉಣ್ಣೆಗೆ ಔಷಧಿ ಡಾಕ್ಟರ್ ಹೇಳಿದ ಹಾಗೆ. ದನಕ್ಕೆ ಹಚ್ಚೋ ಔಷಧಿನ ಅಳತೆ ಇಲ್ಲದೆ ನಾಯಿಗೆ ಹಚ್ಚಬೇಡಿ.

ಯಾವ ನಾಯಿ ಕಚ್ಚಿದ್ರೂ, ನಿಮ್ಮದೇ ಆದ್ರೂ, ಗಾಯವನ್ನು ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದ ಪುಡಿ ಏನೂ ಹಚ್ಚಬೇಡಿ. ರೇಬಿಸ್ ಲಕ್ಷಣ ಶುರುವಾದ ಮೇಲೆ ಬದುಕೋದು ಇಲ್ಲವೇ ಇಲ್ಲ ಅನ್ನೋ ಹಾಗೆ. ಪಶುಗಳ ತುರ್ತಿಗೆ 1962 ನಂಬರ್ ಮೊಬೈಲಲ್ಲಿ ಸೇವ್ ಮಾಡಿ.

ತಂದ ಮೇಲೆ ಮೊದಲ ಮೂರು ತಿಂಗಳು

ನಾಯಿ ಸಾಕೋರಲ್ಲಿ ಒಂದು ಲೆಕ್ಕ ಇದೆ: ಮೂರು ದಿನ, ಮೂರು ವಾರ, ಮೂರು ತಿಂಗಳು. ಮೊದಲ ಮೂರು ದಿನ ನಾಯಿ ಹೆದರಿರತ್ತೆ, ಊಟ ಬಿಡಬಹುದು, ಮೂಲೆ ಸೇರಬಹುದು. ನೆಂಟರನ್ನ ಕರೆದು ತೋರಿಸಬೇಡಿ. ಮೂರು ವಾರದಲ್ಲಿ ಮನೆಯ ಹೊತ್ತು ಗೊತ್ತು ತಿಳ್ಕೊಳ್ಳತ್ತೆ. ನಿಜವಾದ ಸ್ವಭಾವ ಹೊರಗೆ ಬರೋದೂ ಆಗಲೇ. ಮೂರು ತಿಂಗಳಿಗೆ ಇದು ನನ್ನ ಮನೆ ಅಂತ ಅದಕ್ಕೆ ಅನ್ಸತ್ತೆ.

ಈ ಮೂರು ತಿಂಗಳು ತೋಟದಲ್ಲಿ ಹಗ್ಗ ಬಿಚ್ಚಬೇಡಿ. ಮೂವತ್ತು ಅಡಿಯ ಉದ್ದನೆ ಹಗ್ಗ ಕಟ್ಟಿ ಜೊತೇಲಿ ಕರ್ಕೊಂಡು ಓಡಾಡಿ. ದಿನಾ ಒಂದೇ ಬದು, ಒಂದೇ ದಾರಿ. ಗಡಿ ಯಾವುದು ಅಂತ ಅದು ಕಾಲಿಂದ ಕಲಿಯತ್ತೆ. ಕರೆದಾಗ ಬಂದ್ರೆ ಪ್ರತಿ ಸಲ ಏನಾದ್ರೂ ತಿನ್ನೋಕೆ ಕೊಡಿ. ಬೈಯೋಕೆ ಮಾತ್ರ ಯಾವತ್ತೂ ಹತ್ತಿರ ಕರೀಬೇಡಿ. ಅದಕ್ಕೊಂದು ಕೆಲಸವೂ ಕೊಡಿ: ಬೆಳಿಗ್ಗೆ ವಾಲ್ವ್ ನೋಡೋಕೆ ಹೋಗುವಾಗ, ರಾತ್ರಿ ಮೋಟರ್ ಆನ್ ಮಾಡೋಕೆ ಹೋಗುವಾಗ ಜೊತೆ. ಚುರುಕು ನಾಯಿಗೆ ಇದಕ್ಕಿಂತ ಒಳ್ಳೆ ಬದುಕಿಲ್ಲ.

ಬೇಡ ಅನ್ನೋದೂ ಒಂದು ಉತ್ತರ

ಕೊನೆಗೆ ಈ ಐದು ಪ್ರಶ್ನೆಗೆ ಉತ್ತರ ಬರೀರಿ.

1. ದಿನಾ ಎರಡು ಹೊತ್ತು ನಾಯಿ ನಡೆಸೋರ ಹೆಸರೇನು? ಅವರು ಊರಲ್ಲಿಲ್ಲದಾಗ ಯಾರು?
2. ಮನೆಯವರೆಲ್ಲ ಮನಸ್ಸಿಂದ ಒಪ್ಪಿದ್ದಾರಾ?
3. ರಾತ್ರಿ ಮಲಗೋಕೆ ಬಾಗಿಲಿರೋ ಜಾಗ ಇದ್ಯಾ?
4. ಹಿಂಡಿ, ಪಾಷಾಣ, ಔಷಧಿ ಇಡೋಕೆ ಬೀಗ ಇರೋ ಕೋಣೆ ಇದ್ಯಾ?
5. ಬೆಳೆ ಕೈಕೊಟ್ಟ ವರ್ಷವೂ ಇದರ ಊಟ, ಲಸಿಕೆಗೆ ದುಡ್ಡು ಹೊಂದತ್ತಾ?

ಐದಕ್ಕೂ ಸರಿಯಾದ ಉತ್ತರ ಇದ್ದರೆ ಧೈರ್ಯವಾಗಿ ಹೋಗಿ ಕರ್ಕೊಂಡು ಬನ್ನಿ. ಮೂರನೇದು, ನಾಲ್ಕನೇದು ಮಾತ್ರ ಇಲ್ಲ ಅಂದ್ರೆ ಎರಡು ತಿಂಗಳು ತಡೆದು ಗೂಡು, ಕೋಣೆ ರೆಡಿ ಮಾಡಿ ಆಮೇಲೆ ತನ್ನಿ. ಮೊದಲ ಎರಡರಲ್ಲಿ ಒಂದು ಇಲ್ಲ ಅಂದ್ರೂ ಈಗ ಬೇಡ. ಐದನೇದು ಇಲ್ಲ ಅಂದ್ರೂ ಕಾಯಿರಿ. ‘ಕಟ್ಟಿ ಹಾಕಿದ್ರಾಯ್ತು’ ಅನ್ನೋದು ದಾರಿಯಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಯಾವಾಗಲೂ ಕಟ್ಟಿಯೇ ಇಡೋ ನಾಯಿಗೆ ಓಡಾಟ ಕೊಡದೆ ಇರೋದೂ ಅಪರಾಧ ಅಂತ ಬರೆದಿದೆ.

ಕಾವಲಿಗೆ ನಾಯಿ ಬೇಕೇ ಬೇಕು ಅಂದ್ರೆ ಶೆಲ್ಟರಿನವರಿಗೆ ಅದನ್ನೇ ನೇರವಾಗಿ ಹೇಳಿ. ನಾಲ್ಕೈದು ವರ್ಷ ದಾಟಿದ, ಹದಕ್ಕೆ ಬಂದ ನಾಟಿ ನಾಯಿಗಳು ಅವರ ಹತ್ತಿರ ಇರ್ತವೆ. ವಯಸ್ಸಾಯ್ತು ಅಂತ ಅವನ್ನ ಯಾರೂ ಕೇಳಲ್ಲ. ಅಪರಿಚಿತರು ಬಂದ್ರೆ ಬೊಗಳೋದು, ಉಳಿದ ಹೊತ್ತು ಜಗಲಿಯಲ್ಲಿ ಮಲಗೋದು, ಇಷ್ಟು ಮಾಡೋ ನಾಯಿ ಎಷ್ಟೋ ತೋಟದ ಮನೆಗೆ ಸಾಕು. ಕೆಲವು ಕಡೆ ಹದಿನೈದು ದಿನ, ಒಂದು ತಿಂಗಳು ತಾತ್ಕಾಲಿಕವಾಗಿ ಇಟ್ಕೊಂಡು ನೋಡೋಕೂ ಕೊಡ್ತಾರೆ. ಅನುಮಾನ ಇದ್ದವರು ಅದನ್ನೇ ಕೇಳಿ.

ನಿಮ್ಮ ಒಂದು ವಾರದ ಅಭ್ಯಾಸ ಹೇಗಾಯ್ತು ಅಂತ ನಮಗೂ ಬರೆದು ತಿಳಿಸಿ. ಎಷ್ಟು ದಿನ ಆಯ್ತು ಅನ್ನೋದನ್ನ ಮಾತ್ರ ಇದ್ದ ಹಾಗೇ ಹೇಳಿ.